ರೇಡಿಯೋಥೆರಪಿ: ಯಾವ ಯಂತ್ರದಲ್ಲಿ ಎಷ್ಟು ನಿಮಿಷ?

ವಿಶಾಖಪಟ್ಟಣದ ಅಗನಂಪೂಡಿಯಲ್ಲಿ ಟಾಟಾ ಮೆಮೋರಿಯಲ್ ಕೇಂದ್ರದ ಹೋಮಿ ಭಾಭಾ ಕ್ಯಾನ್ಸರ್ ಆಸ್ಪತ್ರೆ ಇದೆ. ವಿಜಯವಾಡದಲ್ಲೂ ರೇಡಿಯೋಥೆರಪಿ ಲಭ್ಯವಿದೆ. ಎಲ್ಲಿಗೆ ಹೋದರೂ ರೋಗಿಯ ಮನೆಯವರು ಕೇಳುವ ಪ್ರಶ್ನೆ ಒಂದೇ: 'ಯಂತ್ರದ ಕೆಳಗೆ ಎಷ್ಟು ಹೊತ್ತು ಮಲಗಬೇಕು?'

ಉತ್ತರ ತಂತ್ರಜ್ಞಾನವನ್ನು ಅವಲಂಬಿಸಿದೆ. ಐಎಂಆರ್‌ಟಿಯಲ್ಲಿ ಯಂತ್ರ ಹಲವು ಕೋನಗಳಿಂದ ಒಂದಾದ ಮೇಲೊಂದರಂತೆ ವಿಕಿರಣ ಹರಿಸುತ್ತದೆ. ಇದಕ್ಕೆ ಸಾಮಾನ್ಯವಾಗಿ 10ರಿಂದ 20 ನಿಮಿಷ ಬೇಕು. ವಿಮ್ಯಾಟ್‌ನಲ್ಲಿ ಯಂತ್ರ ರೋಗಿಯ ಸುತ್ತ ತಿರುಗುತ್ತಲೇ ವಿಕಿರಣ ಕೊಡುವುದರಿಂದ 2ರಿಂದ 5 ನಿಮಿಷದಲ್ಲಿ ಮುಗಿಯುತ್ತದೆ. ಸೈಬರ್‌ನೈಫ್‌ನಲ್ಲಿ ರೋಬೋಟ್ ತೋಳು ಹತ್ತಾರು ದಿಕ್ಕುಗಳಿಂದ ಗುರಿಯಿಡುತ್ತದೆ, ಗಡ್ಡೆಯ ಚಲನೆಯನ್ನೂ ಗಮನಿಸುತ್ತದೆ. ಹೀಗಾಗಿ ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯಬಹುದು.

ಹಾಗಾದರೆ ವೇಗದ ಯಂತ್ರವೇ ಉತ್ತಮವೇ? ಸಮಯ ಕಡಿಮೆಯಾದಷ್ಟೂ ರೋಗಿ ಅಲುಗಾಡುವ ಸಾಧ್ಯತೆ ಕಡಿಮೆ. ನೋವಿನಲ್ಲಿರುವವರಿಗೆ, ಉಸಿರು ಬಿಗಿಹಿಡಿಯಬೇಕಾದವರಿಗೆ ಇದು ದೊಡ್ಡ ಅನುಕೂಲ. ಆದರೆ ಸೈಬರ್‌ನೈಫ್ ಚಿಕಿತ್ಸೆ ಹೆಚ್ಚಾಗಿ 1ರಿಂದ 5 ಬಾರಿಗೆ ಮುಗಿಯುತ್ತದೆ. ಸಾಂಪ್ರದಾಯಿಕ ಕ್ರಮದಲ್ಲಿ ವಾರಕ್ಕೆ ಐದು ದಿನದಂತೆ ಹಲವು ವಾರ ಬರಬೇಕು. ದೂರದೂರಿನಿಂದ ಬರುವವರಿಗೆ ನಿಮಿಷಗಳಿಗಿಂತ ದಿನಗಳ ಲೆಕ್ಕವೇ ಮುಖ್ಯ. ಪ್ರತಿ ಬಾರಿ ರೋಗಿಯನ್ನು ಸರಿಯಾಗಿ ಮಲಗಿಸಿ, ಸ್ಕ್ಯಾನ್ ಮಾಡಿ ಜಾಗ ಖಚಿತಪಡಿಸಲೂ ಸಮಯ ಬೇಕು. ಇಲ್ಲಿ ಆತುರ ಸಲ್ಲದು.

ಎಲ್ಲ ಗಡ್ಡೆಗಳಿಗೂ ಕಡಿಮೆ ಬಾರಿಯ ಚಿಕಿತ್ಸೆ ಹೊಂದುವುದಿಲ್ಲ. ಆದ್ದರಿಂದ ಯಂತ್ರದ ಹೆಸರಿಗೆ ಮಾರುಹೋಗದೆ ವೈದ್ಯರನ್ನು ಮೂರು ಪ್ರಶ್ನೆ ಕೇಳಿ: ಒಟ್ಟು ಎಷ್ಟು ಬಾರಿ ಬರಬೇಕು? ಅಕ್ಕಪಕ್ಕದ ಅಂಗಗಳಿಗೆ ಎಷ್ಟು ರಕ್ಷಣೆ? ಒಟ್ಟು ವೆಚ್ಚ ಎಷ್ಟು?