ನಾಲ್ಕು ಕವಡೆ, ಒಂದು ಕಥೆ: ಪಾತ್ರದಾಟ ಕಟ್ಟುವ ಕಲೆ

ಸಾವನದುರ್ಗದ ಬಂಡೆಯಲ್ಲಿ ಅರ್ಧ ಹತ್ತಿದ್ದೀರಿ. ಮಳೆ ಹಿಡಿದಿದೆ, ಕಲ್ಲು ಜಾರುತ್ತಿದೆ. ಮಾಗಡಿಯಿಂದ ತಂದ ಓಲೆಯನ್ನು ಕತ್ತಲಾಗುವ ಮೊದಲು ಮೇಲಿನ ಕೋಟೆಗೆ ಮುಟ್ಟಿಸಬೇಕು. “ಈಗೇನು ಮಾಡ್ತೀಯ?” ಎಂದು ಎದುರು ಕೂತವರು ಕೇಳುತ್ತಾರೆ. ನೀವು ಹೇಳಿದ್ದೇ ನಿಮ್ಮ ಪಾತ್ರದ ನಡೆ. ಅದು ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ.

ಇದೇ ರೋಲ್‌ಪ್ಲೇಯಿಂಗ್ ಗೇಮ್, ಕನ್ನಡದಲ್ಲಿ ಪಾತ್ರದಾಟ ಎನ್ನೋಣ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಆಂಡ್ ಡ್ರ್ಯಾಗನ್ಸ್’ ಹೊರತಂದ ಮೇಲೆ ಈ ಬಗೆಯ ಆಟ ಜಗತ್ತಿನಲ್ಲೆಲ್ಲ ಹಬ್ಬಿತು. ಅದರ ಈಗಿನ ನಿಯಮಪುಸ್ತಕಗಳು ನೂರಾರು ಪುಟ. ಜಾನ್ ಹಾರ್ಪರ್ ಅವರ ‘ಲೇಸರ್ಸ್ ಆಂಡ್ ಫೀಲಿಂಗ್ಸ್’ ಮಾತ್ರ ಒಂದೇ ಪುಟದಲ್ಲಿ ಮುಗಿಯುತ್ತದೆ. ಹೊಸಬರಿಗೆ ಬೇಕಾದದ್ದು ಇಂಥ ಪುಟ್ಟ ಆಟವೇ.

ನಮಗಿದು ಪೂರ್ತಿ ಹೊಸದೂ ಅಲ್ಲ. ಕರಾವಳಿ, ಮಲೆನಾಡಿನ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡಿ ಸಂದರ್ಭ ಕಟ್ಟಿಕೊಡುತ್ತಾರೆ. ಅರ್ಥಧಾರಿಗಳು ಕೂತಲ್ಲೇ ಕರ್ಣನಾಗಿ, ಕೃಷ್ಣನಾಗಿ ಆ ಗಳಿಗೆಗೆ ಹೊಳೆದ ಮಾತಾಡುತ್ತಾರೆ. ಆದರೆ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು. ಚೌಕಾಬಾರದಲ್ಲಿ ಹಾಗಿಲ್ಲ, ಯಾರ ಕಾಯಿ ಮೊದಲು ಹಣ್ಣಾಗುತ್ತದೆ ಎಂಬುದು ಕವಡೆ ಬಿದ್ದಂತೆ. ಅರ್ಥಗಾರಿಕೆಯ ಮಾತು, ಚೌಕಾಬಾರದ ಕವಡೆ ಎರಡನ್ನೂ ಕೂಡಿಸಿದರೆ ಪಾತ್ರದಾಟ ಸಿದ್ಧ.

ಕೂಡಿಸುವ ಬಗೆ ಹೀಗೆ. ಕಷ್ಟದ ಕೆಲಸಕ್ಕೆ ಕೈಹಾಕಿದವರು ನಾಲ್ಕು ಕವಡೆ ಬಿಡಬೇಕು. ಮೂರೋ ನಾಲ್ಕೋ ಅಂಗಾತ ಬಿದ್ದರೆ ಕೆಲಸ ಆಯಿತು. ಒಂದೇ ಬಿದ್ದರೆ ಅಥವಾ ಒಂದೂ ಬೀಳದಿದ್ದರೆ ಕೆಟ್ಟಿತು. ಎರಡು ಬಿದ್ದರೆ “ಆಯ್ತು, ಆದರೆ...” ಆಟದ ಜೀವ ಇರುವುದು ಆ ‘ಆದರೆ’ಯಲ್ಲಿ. ಬಂಡೆ ಹತ್ತಿದಿರಿ, ಆದರೆ ಓಲೆ ನೆನೆದು ಅಕ್ಷರ ಅಳಿಸಿದೆ. ಕೋಟೆಯ ಕಾವಲುಗಾರನಿಗೆ ಏನು ಹೇಳುತ್ತೀರಿ? ಕಥೆ ತಾನಾಗಿ ಮುಂದಕ್ಕೆ ಹೊರಳುತ್ತದೆ. 2010ರ ‘ಅಪೋಕ್ಯಾಲಿಪ್ಸ್ ವರ್ಲ್ಡ್’ ಎಂಬ ಆಟದಿಂದ ಈ ಮೂರು ಬಗೆಯ ಫಲ ಹೆಸರಾಯಿತು.

ಲೆಕ್ಕವೂ ಚೆನ್ನಾಗಿ ಕೂಡುತ್ತದೆ. ನಾಲ್ಕು ಕವಡೆ ಬೀಳಬಹುದಾದ ಬಗೆ 16. ಅದರಲ್ಲಿ ಗೆಲುವಿಗೆ 5, ‘ಆದರೆ’ಗೆ 6, ಸೋಲಿಗೆ 5. ಪಾತ್ರಕ್ಕೆ ಮೈಬಲ, ಬುದ್ಧಿ, ಮಾತು ಎಂಬ ಮೂರೇ ಗುಣ ಸಾಕು. ಯಾವುದರಲ್ಲಿ ಗಟ್ಟಿಯೋ ಅದಕ್ಕೆ ಒಂದು ಕವಡೆ ಹೆಚ್ಚು. ಗೆಲುವು 32ಕ್ಕೆ 16, ಅಂದರೆ ಸರಿಯಾಗಿ ಅರ್ಧ. ಯಾವುದರಲ್ಲಿ ಬಡವೋ ಅದಕ್ಕೆ ಒಂದು ಕಡಿಮೆ. ಗೆಲುವು 8ಕ್ಕೆ 1. ನಿಜವಾದ ಕವಡೆ ಇಷ್ಟು ಸಮನಾಗಿ ಬೀಳುವುದಿಲ್ಲ, ಆಟಕ್ಕೆ ಅದರಿಂದ ಕೊರತೆಯೇನಿಲ್ಲ. ಕವಡೆ ಸಿಗದಿದ್ದರೆ ಒಂದು ಮಗ್ಗುಲು ತೇದ ಹುಣಸೆಬೀಜವಾದೀತು.

ನಿಯಮ ಬದಲಾಗುವುದಿಲ್ಲ, ಕಥೆ ಬದಲಾಗುತ್ತದೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಒಳ್ಳೆ ಬೆಲೆಗೆ ಕಾದ ರೈತ ಮಾತಿನ ಕವಡೆ ಬಿಡಲಿ. 2012ರಲ್ಲಿ ರಣಹದ್ದು ಧಾಮವಾದ ರಾಮದೇವರಬೆಟ್ಟದ ಕಾವಲುಗಾರ್ತಿ ಬುದ್ಧಿಯ ಕವಡೆ ಬಿಡಲಿ. ಕನಕಪುರದ ಸಂಗಮದಲ್ಲಿ, ಅರ್ಕಾವತಿ ಕಾವೇರಿಗೆ ಸೇರುವಲ್ಲಿ, ಹರಿಗೋಲು ಹಾಕಿದವನಿಗೆ ಮೈಬಲವೇ ಗತಿ. ‘ಶೋಲೆ’ ಚಿತ್ರೀಕರಣವಾದ ಬಂಡೆಗಳ ನಡುವೆ ಡಕಾಯಿತರ ಕಥೆಯನ್ನಂತೂ ಯಾರೂ ಹೇಳಿಕೊಡಬೇಕಿಲ್ಲ.

ಕಾಯಿಗಳಿಗೆ ಚನ್ನಪಟ್ಟಣವಿದೆ. ಅಲ್ಲಿ ಲೇತಿನಲ್ಲಿ ತಿರುಗುವ ಹಾಲೆ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಭೌಗೋಳಿಕ ಸೂಚಿ ಪಡೆದ ಈ ಕಸುಬಿನ ಪುಟ್ಟ ಗೊಂಬೆಯೊಂದು ನಿಮ್ಮ ಪಾತ್ರವಾಗಿ ಮಣೆಯ ಮೇಲೆ ನಿಂತರೆ ಕಸುಬುದಾರರಿಗೂ ಒಂದು ಹೊಸ ಗಿರಾಕಿ ಹುಟ್ಟಿದಂತೆ.

ಈ ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಆಡಿ ನೋಡಿ. ನಿಯಮ ಎಲ್ಲಿ ತೊಡಕೆನಿಸುತ್ತದೋ ಅಲ್ಲಿ ನೀವೇ ತಿದ್ದಿಕೊಳ್ಳಿ.