ಕಿರಿಯರ ರಾಷ್ಟ್ರೀಯ ಕಾಲ್ಚೆಂಡು ತಂಡವೂ ನಮ್ಮ ಜಿಲ್ಲೆಯ ಬಯಲೂ

೧

ಇತಿಹಾಸದ ವಿದ್ಯಾರ್ಥಿಗಳು ಆಟಪಾಟಗಳನ್ನು ಸಾಮಾನ್ಯವಾಗಿ ತಮ್ಮ ಅಧ್ಯಯನದ ಎಲ್ಲೆಯಿಂದ ಹೊರಗೆ ಇರಿಸುತ್ತಾರೆ. ಅರಸು ಮನೆತನಗಳಿಗೂ ಭೂಕಂದಾಯಕ್ಕೂ ನೀರಾವರಿಗೂ ಸ್ವಾತಂತ್ರ್ಯ ಚಳವಳಿಗೂ ದೊರೆತ ಗಮನದಲ್ಲಿ ನೂರರಲ್ಲೊಂದು ಪಾಲು ಕೂಡ ಆಟದ ಬಯಲಿಗೆ ದೊರೆತಿಲ್ಲ. ಆದರೆ ಒಂದು ಆಟವು ಒಂದು ಊರಿನಲ್ಲಿ ಬೇರೂರಿ ಅದರ ನೆರೆಯ ಊರಿನಲ್ಲಿ ಏಕೆ ಬೇರೂರಲಿಲ್ಲವೆಂಬ ಪ್ರಶ್ನೆ, ಒಂದು ಬೆಳೆ ಅಥವಾ ಒಂದು ಕೈಗಾರಿಕೆಯನ್ನು ಕುರಿತ ಅಂಥದೇ ಪ್ರಶ್ನೆಯಷ್ಟು ಗಂಭೀರವಾದುದು. ಭಾರತದ ಕಿರಿಯರ ಕಾಲ್ಚೆಂಡು ತಂಡ ಹಾಗೂ ಅದು ಭಾಗವಹಿಸಿದ ಅಂತರರಾಷ್ಟ್ರೀಯ ಸ್ಪರ್ಧೆಗಳನ್ನು ನಿದರ್ಶನವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇದಕ್ಕೆ ಪ್ರೇರಣೆಯಾದುದು ಒಬ್ಬ ವಿದ್ಯಾರ್ಥಿಯ ಮಾತು. ಮಳವಳ್ಳಿ ಕಡೆಯ ಹಳ್ಳಿಯೊಂದರಿಂದ ನಮ್ಮ ಕಾಲೇಜಿಗೆ ಬರುತ್ತಿದ್ದ ಅವನು ಚೆಂಡನ್ನು ಎಡಗಾಲಿನಲ್ಲಿಯೂ ಬಲಗಾಲಿನಲ್ಲಿಯೂ ಒಂದೇ ಸಲೀಸಿನಿಂದ ಆಡಿಸಬಲ್ಲವನು. ಒಂದು ಸಂಜೆ ಬಳಿಗೆ ಬಂದು, "ಸಾರ್, ಇಂಡಿಯಾದ ಹುಡುಗರ ಟೀಮಿಗೆ ಆಯ್ಕೆ ಎಲ್ಲಿ ಮಾಡ್ತಾರೆ?" ಎಂದು ಕೇಳಿದನು. "ನಿನಗೀಗ ಎಷ್ಟು ವಯಸ್ಸಪ್ಪಾ?" ಎಂದೆನು. "ಹತ್ತೊಂಬತ್ತು ತುಂಬ್ತು ಸಾರ್" ಎಂದನು. ಅವನು ಕೇಳುತ್ತಿದ್ದ ಬಾಗಿಲುಗಳಲ್ಲಿ ಒಂದು ಅದಾಗಲೇ ಮುಚ್ಚಿಹೋಗಿತ್ತು. ಇನ್ನೊಂದು ಮುಚ್ಚುವ ಹಂತದಲ್ಲಿತ್ತು. ಅಂಥ ಬಾಗಿಲುಗಳಿವೆಯೆಂದು ಅದುವರೆಗೆ ಅವನಿಗೆ ಯಾರೂ ತಿಳಿಸಿರಲಿಲ್ಲ. ತಿಳಿಸಬೇಕಾಗಿದ್ದವರ ಪೈಕಿ ಈ ಲೇಖಕನೂ ಒಬ್ಬನೆಂಬುದನ್ನು ಒಪ್ಪಿಕೊಂಡೇ ಮುಂದುವರಿಯಬೇಕಾಗಿದೆ.

೨

ಕಿರಿಯರ ತಂಡವೆಂದರೆ ಹಿರಿಯರ ತಂಡದ ಸಣ್ಣ ಪ್ರತಿಯಲ್ಲ. ಹಿರಿಯರ ತಂಡಕ್ಕೆ ಸಾಮರ್ಥ್ಯವೊಂದೇ ಅಳತೆ. ಕಿರಿಯರ ತಂಡಕ್ಕೆ ಸಾಮರ್ಥ್ಯದೊಡನೆ ಹುಟ್ಟಿದ ದಿನಾಂಕವೂ ಅಳತೆ. ಉದಾಹರಣೆಗೆ, ೨೦೧೭ರಲ್ಲಿ ನಡೆದ ಹದಿನೇಳು ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಆಡಲು ೨೦೦೦ದ ಜನವರಿ ೧ರಂದು ಅಥವಾ ಅನಂತರ ಹುಟ್ಟಿದವರು ಮಾತ್ರ ಅರ್ಹರಾಗಿದ್ದರು. ೧೯೯೯ರ ಡಿಸೆಂಬರ್ ೩೧ರಂದು ಹುಟ್ಟಿದ ಹುಡುಗನು ಎಷ್ಟೇ ನಿಪುಣನಾಗಿದ್ದರೂ ಅವನಿಗೆ ಆ ಸ್ಪರ್ಧೆಯಲ್ಲಿ ಎಡೆಯಿಲ್ಲ. ವಯಸ್ಸನ್ನು ಮರೆಮಾಚುವ ರೂಢಿ ಅನೇಕ ದೇಶಗಳಲ್ಲಿ ಕಂಡುಬಂದುದರಿಂದ, ೨೦೦೯ರಲ್ಲಿ ನೈಜೀರಿಯಾದಲ್ಲಿ ನಡೆದ ಸ್ಪರ್ಧೆಯಿಂದ ಮುಂದಕ್ಕೆ ಹುಡುಗರ ಮಣಿಕಟ್ಟಿನ ಮೂಳೆಯ ಬೆಳವಣಿಗೆಯನ್ನು ಎಂ.ಆರ್.ಐ. ಯಂತ್ರದಿಂದ ಪರೀಕ್ಷಿಸುವ ಪದ್ಧತಿ ಬಂದಿತು. ಹೀಗೆ ಈ ಸ್ಪರ್ಧೆಗಳು ಎದುರಾಳಿಯೊಡನೆ ನಡೆಯುವಷ್ಟೇ ಕಾಲದೊಡನೆಯೂ ನಡೆಯುತ್ತವೆ. ಹತ್ತು ಹನ್ನೆರಡನೆಯ ವಯಸ್ಸಿನಲ್ಲಿ ಹುಡುಗನನ್ನು ಗುರುತಿಸದ ನಾಡಿಗೆ ಹದಿನಾರನೆಯ ವಯಸ್ಸಿನಲ್ಲಿ ಅವನು ದೊರಕುವುದಿಲ್ಲ.

ಕಿರಿಯರ ಪಂದ್ಯಾವಳಿಯನ್ನು ಏಷ್ಯ ಖಂಡವು ವಿಶ್ವಸಂಸ್ಥೆಯಾದ ಫಿಫಾಕ್ಕಿಂತ ಮುಂಚಿತವಾಗಿ ಆರಂಭಿಸಿತೆಂಬುದು ಗಮನಾರ್ಹ. ಏಷ್ಯದ ಕಾಲ್ಚೆಂಡು ಒಕ್ಕೂಟವು ೧೯೫೪ರಲ್ಲಿ ಹುಟ್ಟಿತು. ಭಾರತವು ಅದರ ಸ್ಥಾಪಕ ಸದಸ್ಯರಲ್ಲೊಂದು. ಮಲಯದ ಪ್ರಧಾನಿಯೂ ಆ ಒಕ್ಕೂಟದ ಅಧ್ಯಕ್ಷರೂ ಆಗಿದ್ದ ತುಂಕು ಅಬ್ದುಲ್ ರಹಮಾನ್ ಅವರ ಪ್ರೋತ್ಸಾಹದಿಂದ ೧೯೫೯ರಲ್ಲಿ ಕೌಲಾಲಂಪುರದಲ್ಲಿ ಮೊದಲ ಏಷ್ಯನ್ ಯುವ ಪಂದ್ಯಾವಳಿ ಜರುಗಿತು. ಫಿಫಾದ ಯುವ ವಿಶ್ವ ಪಂದ್ಯಾವಳಿ ೧೯೭೭ರಲ್ಲಿ ಟ್ಯುನೀಷಿಯಾದಲ್ಲಿಯೂ, ಹದಿನಾರು ವರ್ಷದೊಳಗಿನವರದು ೧೯೮೫ರಲ್ಲಿ ಚೀನಾದಲ್ಲಿಯೂ ಆರಂಭವಾದುವು. ಎರಡನೆಯದರ ವಯೋಮಿತಿ ೧೯೯೧ರಿಂದ ಹದಿನೇಳಕ್ಕೆ ಏರಿತು. ೨೦೨೫ರಿಂದ ಅದು ೪೮ ತಂಡಗಳ ವಾರ್ಷಿಕ ಸ್ಪರ್ಧೆಯಾಗಿದೆ. ಆತಿಥೇಯ ರಾಷ್ಟ್ರವನ್ನು ಬಿಟ್ಟರೆ ಉಳಿದವರ ದಾರಿ ಒಂದೇ: ಮೊದಲು ಏಷ್ಯದ ಅರ್ಹತಾ ಸುತ್ತು, ಅನಂತರ ಏಷ್ಯಾ ಕಪ್, ಅಲ್ಲಿ ಮೇಲಿನ ಸ್ಥಾನ ಪಡೆದವರಿಗೆ ವಿಶ್ವಕಪ್.

೩

ಈ ದಾರಿಯಲ್ಲಿ ಭಾರತದ ಕಿರಿಯರು ನಡೆದ ನಡೆ ಏರುಪೇರಿನದು. ೧೯೭೪ರಲ್ಲಿ ಬ್ಯಾಂಕಾಕಿನಲ್ಲಿ ನಡೆದ ಏಷ್ಯನ್ ಯುವ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಇರಾನಿನೊಡನೆ ೨-೨ರ ಸಮಬಲ ಸಾಧಿಸಿ, ಶಬ್ಬೀರ್ ಅಲಿಯವರ ನಾಯಕತ್ವದ ತಂಡವು ಪ್ರಶಸ್ತಿಯನ್ನು ಆ ದೇಶದೊಡನೆ ಹಂಚಿಕೊಂಡಿತು. ಕಿರಿಯರು ಏಷ್ಯದಲ್ಲಿ ಅಗ್ರಸ್ಥಾನಕ್ಕೇರಿದ್ದು ಅದೊಂದೇ ಸಲ. ಇಪ್ಪತ್ತು ವರ್ಷದೊಳಗಿನ ಹುಡುಗರ ವಿಶ್ವಕಪ್ಪನ್ನು ನಮ್ಮ ತಂಡ ಈವರೆಗೆ ತಲುಪಿಲ್ಲ.

ಹದಿನೇಳು ವರ್ಷದೊಳಗಿನವರ ವಿಶ್ವಕಪ್ಪಿಗೆ ಭಾರತ ಮೊದಲು ಪ್ರವೇಶಿಸಿದ್ದು ೨೦೧೭ರ ಅಕ್ಟೋಬರಿನಲ್ಲಿ, ಆತಿಥೇಯ ರಾಷ್ಟ್ರವಾಗಿ. ದಿಲ್ಲಿ, ಕೋಲ್ಕತ್ತ, ಕೊಚ್ಚಿ, ಗೋವಾ, ಗುವಾಹಟಿ, ನವಿಮುಂಬಯಿಗಳಲ್ಲಿ ಪಂದ್ಯಗಳು ನಡೆದುವು. ಒಟ್ಟು ೧೩ ಲಕ್ಷ ೪೭ ಸಾವಿರಕ್ಕೂ ಹೆಚ್ಚು ಪ್ರೇಕ್ಷಕರು ನೆರೆದುದು ಆ ಪಂದ್ಯಾವಳಿಯ ಚರಿತ್ರೆಯಲ್ಲಿ ದಾಖಲೆಯಾಯಿತು. ಭಾರತವು ಅಮೆರಿಕಕ್ಕೆ ೦-೩ರಿಂದಲೂ, ಕೊಲಂಬಿಯಕ್ಕೆ ೧-೨ರಿಂದಲೂ, ಘಾನಕ್ಕೆ ೦-೪ರಿಂದಲೂ ಸೋತಿತು. ಕೊಲಂಬಿಯದೆದುರು ಪಂದ್ಯದ ೮೨ನೆಯ ನಿಮಿಷದಲ್ಲಿ ಮೂಲೆಯೊದೆತದಿಂದ ಬಂದ ಚೆಂಡಿಗೆ ಮಣಿಪುರದ ಜೀಕ್ಸನ್ ಸಿಂಗ್ ತಲೆಕೊಟ್ಟು ಗೋಲು ಗಳಿಸಿದನು. ಫಿಫಾದ ವಿಶ್ವಕಪ್ಪೊಂದರಲ್ಲಿ ಭಾರತದ ಮೊದಲ ಗೋಲು ಅದು. ಆ ಮೂಲೆಯೊದೆತವನ್ನು ಒದೆದವನು ಬೆಂಗಳೂರಿನ ಸಂಜೀವ್ ಸ್ಟಾಲಿನ್. ಮರುನಿಮಿಷದಲ್ಲಿಯೇ ಕೊಲಂಬಿಯ ಮತ್ತೊಂದು ಗೋಲು ಹೊಡೆದು ಗೆದ್ದಿತು. ಸಮಬಲ ಸಾಧಿಸಿದ ಸಂತೋಷದಲ್ಲಿ ಕ್ಷಣಕಾಲ ಮೈಮರೆತುದರ ಬೆಲೆ ಅದೆಂದು ನೋಡಿದವರೆಲ್ಲರೂ ಬಲ್ಲರು.

೨೦೧೮ರ ಆಗಸ್ಟಿನಲ್ಲಿ ಸ್ಪೇನಿನ ಕೋಟಿಫ್ ಪಂದ್ಯಾವಳಿಯಲ್ಲಿ ನಮ್ಮ ಇಪ್ಪತ್ತು ವರ್ಷದೊಳಗಿನವರು, ಒಬ್ಬ ಆಟಗಾರನನ್ನು ಕಳೆದುಕೊಂಡು ಹತ್ತೇ ಜನರಿದ್ದರೂ, ಅರ್ಜೆಂಟೀನದ ಕಿರಿಯರನ್ನು ೨-೧ರಿಂದ ಸೋಲಿಸಿದರು. ಅದೇ ವರ್ಷ ಮಲೇಷಿಯಾದಲ್ಲಿ ಹದಿನಾರು ವರ್ಷದೊಳಗಿನವರು ಏಷ್ಯದ ಎಂಟರ ಘಟ್ಟಕ್ಕೇರಿ, ದಕ್ಷಿಣ ಕೊರಿಯಕ್ಕೆ ೦-೧ರಿಂದ ಸೋತರು. ಆ ಒಂದು ಪಂದ್ಯವನ್ನು ಗೆದ್ದಿದ್ದರೆ ಆತಿಥ್ಯದ ಹಂಗಿಲ್ಲದೆಯೇ ವಿಶ್ವಕಪ್ಪು ಸೇರಬಹುದಾಗಿತ್ತು. ೨೦೨೫ರ ನವೆಂಬರಿನಲ್ಲಿ ಅಹಮದಾಬಾದಿನಲ್ಲಿ ಇರಾನನ್ನು ೨-೧ರಿಂದ ಗೆದ್ದು ಹುಡುಗರು ಏಷ್ಯಾ ಕಪ್ಪಿಗೆ ಅರ್ಹರಾದರು. ಹುಡುಗಿಯರ ಸಾಧನೆಯೂ ಕಡಿಮೆಯದಲ್ಲ. ೨೦೨೨ರಲ್ಲಿ ತವರಿನಲ್ಲಿ ನಡೆದ ವಿಶ್ವಕಪ್ಪಿನ ಮೂರು ಪಂದ್ಯಗಳನ್ನೂ ಹದಿನೇಳು ವರ್ಷದೊಳಗಿನ ಹುಡುಗಿಯರು ಸೋತರಾದರೂ, ೨೦೨೫ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷದೊಳಗಿನವರು ಯಾಂಗೋನಿನಲ್ಲಿ ಮ್ಯಾನ್ಮಾರನ್ನು ೧-೦ಯಿಂದ ಸೋಲಿಸಿ, ಎರಡು ದಶಕಗಳ ಅನಂತರ ಏಷ್ಯಾ ಕಪ್ಪಿಗೆ ದಾರಿ ಮಾಡಿಕೊಂಡರು.

೪

ಈ ತಂಡಗಳಿಗೆ ಹುಡುಗರು ಎಲ್ಲಿಂದ ಬಂದರೆಂಬುದು ಗೋಲುಗಳ ಲೆಕ್ಕಕ್ಕಿಂತ ಹೆಚ್ಚಿನ ಸಂಗತಿಯನ್ನು ತಿಳಿಸುತ್ತದೆ. ೨೦೧೭ರ ತಂಡದ ಇಪ್ಪತ್ತೊಂದು ಹುಡುಗರಲ್ಲಿ ಎಂಟು ಮಂದಿ ಮಣಿಪುರದವರು. ೨೦೧೧ರ ಜನಗಣತಿಯಂತೆ ಮಣಿಪುರದ ಜನಸಂಖ್ಯೆ ಸುಮಾರು ೨೮ ಲಕ್ಷ ೫೬ ಸಾವಿರ. ನಮ್ಮ ಮಂಡ್ಯ ಜಿಲ್ಲೆಯೊಂದರದೇ ಸುಮಾರು ೧೮ ಲಕ್ಷ ೬ ಸಾವಿರ. ಆರು ಕೋಟಿಗೂ ಮೀರಿದ ಕರ್ನಾಟಕದಿಂದ ಆ ತಂಡಕ್ಕೆ ಸೇರಿದವರು ಸಂಜೀವ್ ಸ್ಟಾಲಿನ್ ಮತ್ತು ಹೆಂಡ್ರಿ ಆಂಟೋನೆ ಇಬ್ಬರೇ, ಇಬ್ಬರೂ ಬೆಂಗಳೂರಿನವರು.

ಇದು ರಕ್ತಗುಣವೆಂದೋ ಹವಾಗುಣವೆಂದೋ ಹೇಳಿ ಮುಗಿಸುವುದು ಸುಲಭ. ಇತಿಹಾಸವು ಆ ಮಾತನ್ನು ಸಮರ್ಥಿಸುವುದಿಲ್ಲ. ಬೆಂಗಳೂರಿನ ಉದಾಹರಣೆಯನ್ನೇ ನೋಡಬಹುದು. ದಂಡುಪ್ರದೇಶದ ಸೈನಿಕರು ಆಡುತ್ತಿದ್ದ ಆಟವನ್ನು ಸುತ್ತಲಿನ ಬಡಾವಣೆಗಳ ಹುಡುಗರು ಬರಿಗಾಲಿನಲ್ಲಿ ಕಲಿತರು. ಬೆಂಗಳೂರು ಮುಸ್ಲಿಮ್ಸ್ ತಂಡವು ೧೯೩೭ ಮತ್ತು ೧೯೩೮ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಆ ಕಪ್ಪನ್ನು ಗೆದ್ದ ಭಾರತೀಯ ನಾಗರಿಕರ ಮೊದಲ ತಂಡ ಅದು. ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನೆದುರು ೧-೨ರಿಂದ ಸೋತ ಭಾರತಕ್ಕೆ ಆ ಒಂದು ಗೋಲನ್ನು ತಂದವರು ಮೈಸೂರು ಸಂಸ್ಥಾನದ ಸಾರಂಗಪಾಣಿ ರಾಮನ್. ೧೯೫೨ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯದೆದುರು ಭಾರತದ ಏಕೈಕ ಗೋಲು ಬೆಂಗಳೂರಿನ ಅಹಮದ್ ಖಾನರದು. ೧೯೬೨ರ ಜಕಾರ್ತ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದರು. ಸಂತೋಷ್ ಟ್ರೋಫಿಯನ್ನು ಮೈಸೂರು ನಾಲ್ಕು ಬಾರಿ, ಕೊನೆಯದಾಗಿ ೧೯೬೮-೬೯ರಲ್ಲಿ ಗೆದ್ದಿತು. ಮುಂದಿನ ಗೆಲುವಿಗೆ ಕರ್ನಾಟಕವು ೨೦೨೩ರ ಮಾರ್ಚಿನವರೆಗೆ, ಐವತ್ತನಾಲ್ಕು ವರ್ಷ, ಕಾಯಬೇಕಾಯಿತು.

ಈ ಏಳಿಗೆಯ ಹಿಂದೆ ಇದ್ದವುಗಳು ಮೂರು: ಬಡಾವಣೆಯ ಬಯಲು, ವರ್ಷವಿಡೀ ನಡೆಯುವ ಲೀಗ್ ಪಂದ್ಯಗಳು, ಮತ್ತು ಆಟಗಾರನಿಗೆ ಸಂಬಳ ಕೊಡುತ್ತಿದ್ದ ಎಚ್.ಎ.ಎಲ್., ಐ.ಟಿ.ಐ. ಮುಂತಾದ ಕಾರ್ಖಾನೆಗಳ ತಂಡಗಳು. ಹಲಸೂರಿನ ಬಳಿಯ ಗೌತಮಪುರದಲ್ಲಿ ಬ್ರೆಜಿಲಿನ ಪೆಲೆಯ ಪ್ರತಿಮೆ ನಿಂತಿರುವುದು ಈ ಪರಂಪರೆಯ ಕುರುಹು. ಕಾರ್ಖಾನೆಗಳ ತಂಡಗಳು ಕ್ಷೀಣಿಸಿದಂತೆ ಪರಂಪರೆಯೂ ಕ್ಷೀಣಿಸಿತು. ೨೦೧೩ರಲ್ಲಿ ಬೆಂಗಳೂರು ಎಫ್.ಸಿ. ಹುಟ್ಟಿದ ಮೇಲೆ ಅದಕ್ಕೆ ಹೊಸ ಆಸರೆ ದೊರೆತಿದೆ. ಆದರೂ ಸಂಜೀವ್ ಸ್ಟಾಲಿನ್ ಬೆಳೆದುದು ಚಂಡೀಗಢದ ಕಾಲ್ಚೆಂಡು ಅಕಾಡೆಮಿಯಲ್ಲಿ. ಮಣಿಪುರದ ಜೀಕ್ಸನ್ ಮತ್ತು ತಂಡದ ನಾಯಕ ಅಮರ್‌ಜಿತ್ ಸಿಂಗ್ ಕೂಡ ತರಬೇತಿಗಾಗಿ ಚಂಡೀಗಢಕ್ಕೆ ಹೋದವರೇ. ಕಾಲ್ಚೆಂಡಿಗೆ ಹೆಸರಾದ ಊರುಗಳ ಹುಡುಗರು ಕೂಡ ವಸತಿ, ಆಹಾರ, ಶಾಲೆ, ಪಂದ್ಯ ನಾಲ್ಕೂ ಒಂದೆಡೆ ದೊರೆಯುವಲ್ಲಿಗೆ ಹೋಗಬೇಕಾಯಿತು.

೫

ಈಗ ನಮ್ಮ ಜಿಲ್ಲೆಗೆ ಬರಬಹುದು. ಮಂಡ್ಯಕ್ಕೂ ಬೆಂಗಳೂರಿಗೂ ಇರುವ ದೂರ ಸುಮಾರು ನೂರು ಕಿಲೋಮೀಟರು. ಮದ್ದೂರು ಇನ್ನೂ ಸಮೀಪ. ರೈಲುದಾರಿ ಹತ್ತೊಂಬತ್ತನೆಯ ಶತಮಾನದಿಂದಲೂ ಇದೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗೂ ೧೯೦೫ರಲ್ಲಿ ಬೆಂಗಳೂರಿಗೂ ವಿದ್ಯುತ್ತು ಹರಿಯಿತು. ೧೯೩೩ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ನಿಂತಿತು; ೧೯೩೯ರಲ್ಲಿ ಜಿಲ್ಲೆ ರೂಪುಗೊಂಡಿತು. ೧೯೩೮ರಲ್ಲಿ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದು, ದೇಶದ ರಾಜಕೀಯ ಇಲ್ಲಿಯ ಹೊಲಗದ್ದೆಗಳನ್ನು ತಲುಪಿತು. ವಿದ್ಯುತ್ತು, ರೈಲು, ಕಾರ್ಖಾನೆ, ರಾಜಕೀಯ ಇವೆಲ್ಲವೂ ದಾಟಿದ ಈ ನೂರು ಕಿಲೋಮೀಟರನ್ನು ಕಾಲ್ಚೆಂಡು ಮಾತ್ರ ಬಲವಾಗಿ ದಾಟಲಿಲ್ಲ.

ಕಾರಣವನ್ನು ದೂರದಲ್ಲಿ ಹುಡುಕುವಂತಿಲ್ಲ. ದಂಡುಪ್ರದೇಶ ಇಲ್ಲಿರಲಿಲ್ಲ, ಒತ್ತೊತ್ತಾಗಿ ಬೆಳೆದ ಕಾರ್ಮಿಕ ಬಡಾವಣೆಗಳು ವಿರಳ, ವಾರವಾರವೂ ಪಂದ್ಯ ಒದಗಿಸುವ ಲೀಗೂ ಇಲ್ಲ. ನಮ್ಮ ಹಳ್ಳಿಯ ಹುಡುಗನಿಗೆ ಕಬಡ್ಡಿ ಮತ್ತು ಖೊಖೊ ಹುಟ್ಟಿನಿಂದ ಬಂದಂತಿವೆ. ಚುರುಕಾದ ಕಾಲು, ಗಟ್ಟಿಯಾದ ಉಸಿರು, ಎದುರಾಳಿಯ ಮನಸ್ಸನ್ನು ಕಣ್ಣಿನಲ್ಲಿಯೇ ಓದುವ ಶಕ್ತಿ ಇವನ್ನು ಅವನು ಆ ಆಟಗಳಿಂದಲೇ ಗಳಿಸಿರುತ್ತಾನೆ. ಕೊರತೆಯಿರುವುದು ಹುಡುಗನಲ್ಲಲ್ಲ, ಅವನ ವಯಸ್ಸು ಕಳೆದುಹೋಗುವ ಮುನ್ನ ಅವನನ್ನು ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಕ್ಕೆ ಕೊಂಡೊಯ್ಯುವ ಏಣಿಯಲ್ಲಿ.

ಆ ಏಣಿಯ ಮೆಟ್ಟಿಲುಗಳಲ್ಲಿ ಕೆಲವು ಈಗಾಗಲೇ ಇವೆ. ವಾಯುಪಡೆಯ ಮೊದಲ ಭಾರತೀಯ ಮುಖ್ಯಸ್ಥ ಸುಬ್ರತೊ ಮುಖರ್ಜಿಯವರ ಹೆಸರಿನಲ್ಲಿ ೧೯೬೦ರಿಂದ ನಡೆದುಬಂದ ಸುಬ್ರತೊ ಕಪ್ ಶಾಲಾ ತಂಡಗಳಿಗೆಂದೇ ಇರುವಂಥದು. ಹುಡುಗಿಯರಿಗೂ ಅದರಲ್ಲಿ ಸ್ಥಾನವಿದೆ. ೧೯೬೨ರಲ್ಲಿ ಆರಂಭವಾದ ಬಿ.ಸಿ. ರಾಯ್ ಟ್ರೋಫಿಯು ರಾಜ್ಯಗಳ ಕಿರಿಯರ ತಂಡಗಳದು. ಅಧ್ಯಾಪಕರು ಮಾಡಬಹುದಾದ ಕೆಲಸಕ್ಕೆ ಹಣ ಹೆಚ್ಚು ಬೇಕಿಲ್ಲ. ಮೊದಲನೆಯದು, ಹುಡುಗರಿಗೂ ಹುಡುಗಿಯರಿಗೂ ವಯೋಮಿತಿಯ ನಿಯಮವನ್ನು ಪ್ರೌಢಶಾಲೆಯ ಮೊದಲ ವರ್ಷದಲ್ಲಿಯೇ ತಿಳಿಸುವುದು. ಎರಡನೆಯದು, ಜನನ ಪತ್ರದಲ್ಲಿಯೂ ಶಾಲೆಯ ದಾಖಲೆಯಲ್ಲಿಯೂ ದಿನಾಂಕ ಒಂದೇ ಆಗಿದೆಯೇ ಎಂದು ನೋಡುವುದು. ಒಂದು ವರ್ಷ ಹೆಚ್ಚು ಕಡಿಮೆ ಬರೆಸುವ ನಮ್ಮ ಹಳೆಯ ಅಭ್ಯಾಸ ಇಲ್ಲಿ ಹುಡುಗನಿಗೇ ಮುಳುವಾಗುತ್ತದೆ. ಮೂರನೆಯದು, ಮೂರು ತಾಲ್ಲೂಕುಗಳ ಶಾಲೆಗಳ ನಡುವೆ ವರ್ಷಕ್ಕೆ ಇಪ್ಪತ್ತು ಪಂದ್ಯಗಳಾದರೂ ನಡೆಯುವಂತೆ ಮಾಡುವುದು. ಶಿಕ್ಷಣದಿಂದ ಪಂದ್ಯ ಹುಟ್ಟುವುದಕ್ಕಿಂತ ಪಂದ್ಯದಿಂದ ಶಿಕ್ಷಣ ಹುಟ್ಟುವುದೇ ಈ ಆಟದಲ್ಲಿ ಹೆಚ್ಚು. ನಾಲ್ಕನೆಯದು ಇತಿಹಾಸ ವಿಭಾಗದ್ದು: ಈ ತಾಲ್ಲೂಕುಗಳಲ್ಲಿ ಹಿಂದೆ ನಡೆದ ಆಟಗಳ ನೆನಪನ್ನು ಹಿರಿಯರಿಂದ ಕೇಳಿ ಬರೆದಿಡುವ ಕೆಲಸವನ್ನು ವಿದ್ಯಾರ್ಥಿಗಳಿಗೆ ವಹಿಸುವುದು.

ಒಂದು ರಾಷ್ಟ್ರದ ಕಿರಿಯರ ತಂಡವು ಆ ರಾಷ್ಟ್ರದ ಶಾಲೆ, ಬಯಲು, ದಾಖಲೆ, ಸಂಘಟನೆ ಇವುಗಳ ಫಲ. ಆ ಹನ್ನೊಂದು ಹೆಸರುಗಳಲ್ಲಿ ಒಂದು ಊರಿನ ಹೆಸರು ಕಾಣದಿದ್ದರೆ, ಆ ಊರಿನ ಹಿರಿಯರು ಮೊದಲು ತಮ್ಮನ್ನೇ ಕೇಳಿಕೊಳ್ಳಬೇಕು. ಮೇಲೆ ಹೇಳಿದ ವಿದ್ಯಾರ್ಥಿ ಈಗ ಭಾನುವಾರಗಳಂದು ತನ್ನ ಹಳ್ಳಿಯ ಶಾಲೆಯ ಬಯಲಿನಲ್ಲಿ ಏಳನೆಯ ತರಗತಿಯ ಹುಡುಗರನ್ನು ಸೇರಿಸಿಕೊಂಡು ಆಡಿಸುತ್ತಿದ್ದಾನೆ. ಮೊದಲ ದಿನವೇ ಅವನು ಮಾಡಿದ ಕೆಲಸ, ಒಂದು ನೋಟ್‌ಬುಕ್ಕಿನಲ್ಲಿ ಎಲ್ಲರ ಹುಟ್ಟಿದ ದಿನಾಂಕವನ್ನು ಬರೆದುಕೊಂಡದ್ದು.