ಸುತ್ತಿಗೆಗೆ ಜಗ್ಗದ, ಕಿರುಪೆಟ್ಟಿಗೆ ಪುಡಿಯಾಗುವ ಗಾಜು

ಟಫನ್ಡ್ ಅಥವಾ ಟೆಂಪರ್ಡ್ ಗಾಜಿನಲ್ಲಿ ಏನೋ ವಿಶೇಷ ಬೆರಕೆ ಇದೆ ಎಂಬ ನಂಬಿಕೆ ವ್ಯಾಪಕ. ಅದು ಸಾಮಾನ್ಯವಾಗಿ ಕಿಟಕಿಗೆ ಹಾಕುವ ಗಾಜೇ. ಬೇರೆಯಾಗಿರುವುದು ತಣಿಸುವ ಕ್ರಮ. ಕುಲುಮೆಯಲ್ಲಿ 620 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯಿಸಿದ ಹಾಳೆಯ ಎರಡೂ ಮೈಗೆ ರಭಸದಿಂದ ಗಾಳಿ ಊದುತ್ತಾರೆ. ಹೊರಪದರ ಕೂಡಲೇ ಗಟ್ಟಿಯಾಗುತ್ತದೆ. ನಡುವಿನ ಗಾಜು ಆಮೇಲೆ ತಣಿದು ಕುಗ್ಗುತ್ತ ಹೊರಪದರವನ್ನೂ ತನ್ನೊಡನೆ ಎಳೆಯುತ್ತದೆ. ಹೀಗೆ ಹೊರಮೈಯಲ್ಲಿ ಒತ್ತಡ, ಒಳಗೆ ಎಳೆತ ಶಾಶ್ವತವಾಗಿ ಉಳಿದುಬಿಡುತ್ತವೆ. ಗಾಜು ಒಡೆಯಬೇಕಾದರೆ ಮೈಮೇಲಿನ ಕಾಣದ ಗೀರುಗಳು ಬಾಯಿ ಬಿಡಬೇಕು. ಒತ್ತಡ ಅವುಗಳ ಬಾಯಿ ಮುಚ್ಚಿ ಹಿಡಿದಿರುತ್ತದೆ. ನಾಲ್ಕೈದು ಪಟ್ಟು ಹೆಚ್ಚಿನ ಬಲದ ಗುಟ್ಟು ಇಷ್ಟೇ. ಆದರೆ ಭಾರ ಹೇರಿದರೆ ಅದು ಅಷ್ಟೇ ದಪ್ಪದ ಸಾಮಾನ್ಯ ಗಾಜಿನಷ್ಟೇ ಬಾಗುತ್ತದೆ, ಮರಳು ಉಜ್ಜಿದರೆ ಗೀರೂ ಬೀಳುತ್ತದೆ.

ಇಷ್ಟು ಗಟ್ಟಿ ಗಾಜು ಒಡೆದರೆ ಪುಡಿಪುಡಿಯಾಗುವುದೇಕೆ? ಅದು ಕಳಪೆ ಮಾಲಿನ ಗುರುತು ಎಂದು ತಿಳಿಯುವವರಿದ್ದಾರೆ. ನಿಜವಾಗಿ, ಬಲ ಕೊಟ್ಟ ಬಿಗಿತವೇ ಪುಡಿಯನ್ನೂ ಮಾಡುತ್ತದೆ. ಒತ್ತಡದ ಪದರ ಪ್ರತಿ ಬದಿಗೆ ದಪ್ಪದ ಐದನೇ ಒಂದು ಭಾಗದಷ್ಟು ಮಾತ್ರ. ಬಿರುಕು ಅದನ್ನು ದಾಟಿ ಎಳೆತದ ವಲಯ ಮುಟ್ಟಿತೆಂದರೆ ಕೂಡಿಟ್ಟ ಶಕ್ತಿಯೆಲ್ಲ ಒಮ್ಮೆಗೇ ಬಿಡುಗಡೆಯಾಗುತ್ತದೆ. ಬಿರುಕು ಸೆಕೆಂಡಿಗೆ ಸುಮಾರು ಒಂದೂವರೆ ಕಿಲೋಮೀಟರ್ ವೇಗದಲ್ಲಿ ಕವಲೊಡೆಯುತ್ತ ಓಡುತ್ತದೆ. ಹಾಳೆಯ ನಡುವೆ ಅಂಗೈಯಿಂದ ಗುದ್ದಿದರೂ ಜಗ್ಗದ ಬಚ್ಚಲುಮನೆಯ ಬಾಗಿಲು, ಅದರ ಮೂಲೆ ನೆಲದ ಟೈಲ್ಸಿಗೆ ತಗುಲಿದರೆ ಸಾಕು, ಕ್ಷಣದಲ್ಲಿ ರಾಶಿ ಬೀಳುತ್ತದೆ.

ಇದರ ಹಳೆಯ ಸಾಕ್ಷಿ ರೂಪರ್ಟನ ಹನಿಗಳು. ಕಾದ ಗಾಜನ್ನು ನೀರಿಗೆ ತೊಟ್ಟಿಕ್ಕಿಸಿದರೆ ದಪ್ಪ ತಲೆ, ಸಪೂರ ಬಾಲದ ಹನಿಯಾಗುತ್ತದೆ. ತಲೆ ಸುತ್ತಿಗೆ ಏಟನ್ನೂ ತಾಳುತ್ತದೆ. ಬಾಲ ಚಿವುಟಿದರೆ ಇಡೀ ಹನಿ ಸಿಡಿದು ಪುಡಿ. ರಾಜಕುಮಾರ ರೂಪರ್ಟ್ ಇವನ್ನು 1660ರ ಸುಮಾರಿಗೆ ಇಂಗ್ಲೆಂಡಿಗೆ ತಂದ, ಎರಡನೇ ಚಾರ್ಲ್ಸ್ ದೊರೆ ರಾಯಲ್ ಸೊಸೈಟಿಗೆ ಪರೀಕ್ಷೆಗೆ ಒಪ್ಪಿಸಿದ. ಒಗಟು ಪೂರ್ತಿ ಬಿಡಿಸಿಕೊಳ್ಳಲು ಶತಮಾನಗಳೇ ಹಿಡಿದವು: ತಲೆಯ ಹೊರಮೈ ಒತ್ತಡ 700 ಮೆಗಾಪಾಸ್ಕಲ್‌ವರೆಗೆ, ಅಂದರೆ ವಾತಾವರಣದ ಒತ್ತಡದ ಸುಮಾರು 7,000 ಪಟ್ಟು, ಇದೆಯೆಂದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಅಡುಗೆಮನೆಯ ಗ್ಲಾಸ್ ಟಾಪ್ ಒಲೆ ಸಿಡಿದಾಗ ಮೊದಲ ಅನುಮಾನ ಗ್ಯಾಸ್ ಸೋರಿಕೆಯ ಮೇಲೆ. ಅನೇಕ ಸಲ ಕಾರಣ ಅಂಚಿನ ಹಳೆಯ ಚಕ್ಕೆ ಅಥವಾ ಒಂದೇ ಕಡೆ ವಿಪರೀತ ಬಿಸಿ. ಯಾರೂ ಮುಟ್ಟದೆಯೂ ಒಡೆಯುವುದುಂಟು. ಗಾಜಿನೊಳಗೆ ಸೇರಿಕೊಂಡ ನಿಕಲ್ ಸಲ್ಫೈಡ್‌ನ ಕಣ, ಹಠಾತ್ತನೆ ತಣಿದಾಗ ತನ್ನ ಬಿಸಿ ರೂಪದಲ್ಲೇ ಸಿಕ್ಕಿಬೀಳುತ್ತದೆ. ತಿಂಗಳು, ವರ್ಷ ಕಳೆದ ಮೇಲೆ ರೂಪ ಬದಲಿಸಿ ನೂರಕ್ಕೆ 2ರಿಂದ 4ರಷ್ಟು ಹಿಗ್ಗುತ್ತದೆ. ಎಳೆತದ ವಲಯದಲ್ಲಿದ್ದರೆ ಅಷ್ಟೇ ಸಾಕು. ದೊಡ್ಡ ಕಟ್ಟಡಗಳ ಗಾಜನ್ನು ಮೊದಲೇ ಬಿಸಿಯಲ್ಲಿಟ್ಟು, ಒಡೆಯುವುದಿದ್ದರೆ ಕಾರ್ಖಾನೆಯಲ್ಲೇ ಒಡೆಯಲಿ ಎಂದು ಪರೀಕ್ಷಿಸುವುದು ಇದಕ್ಕಾಗಿ.

ಚೂರುಗಳಿಂದ ಗಾಯವೇ ಆಗದು ಎಂಬುದೂ ಅರೆಸತ್ಯ. ಅವು ಕತ್ತಿಯಂಥ ಸೀಳುಗಳಲ್ಲ, ನಿಜ. ಆದರೂ ತರಚುತ್ತವೆ, ಎತ್ತರದಿಂದ ಗೊಂಚಲಾಗಿ ಬಿದ್ದರೆ ಪೆಟ್ಟಾಗುತ್ತದೆ. ಕಾರಿನ ಮುಂಗಾಜು ಇದೇ ಜಾತಿಯದು ಎಂಬ ಭಾವನೆಯೂ ತಪ್ಪು: ಅಲ್ಲಿ ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪೊರೆ ಇದ್ದು ಚೂರುಗಳನ್ನು ಹಿಡಿದಿಡುತ್ತದೆ.

ಟಫನ್ಡ್ ಗಾಜನ್ನು ಮನೆಗೆ ತಂದಮೇಲೆ ಅಳತೆಗೆ ಕತ್ತರಿಸಿಕೊಳ್ಳಬಹುದು ಎಂದುಕೊಂಡವರಿಗೆ ನಷ್ಟ ಖಚಿತ. ಕತ್ತರಿಸುವುದು, ಹಿಡಿಕೆಗೆ ತೂತು ಕೊರೆಯುವುದು, ಅಂಚು ಮಸೆಯುವುದು ಎಲ್ಲವೂ ಕುಲುಮೆಗೆ ಹೋಗುವ ಮೊದಲೇ ಮುಗಿಯಬೇಕು. ಅಳತೆ ತಪ್ಪಿದರೆ ಹೊಸ ಹಾಳೆಯೇ ಗತಿ.